ಸಂಜೆ ಆರೂವರೆಗೆ ಏನು ಮಾಡಬೇಕು, ಅದನ್ನು ಬರೆಯಿರಿ

ಆತ್ಮೀಯರೇ,

ನೀವು ಕಳಿಸಿದ ‘ತಲೆಗೆ ಪೆಟ್ಟಾದವರ ಸಿಟ್ಟಿಗೆ ಪ್ರೀತಿಯೇ ಮದ್ದು’ ಲೇಖನ ಓದಿದೆವು. ಈಗಿರುವ ಹಾಗೆ ಪ್ರಕಟಿಸಲಾಗದು. ಆದರೆ ವಿಷಯವನ್ನು ದಯವಿಟ್ಟು ಕೈಬಿಡಬೇಡಿ. ಹೆದ್ದಾರಿ 66ರಲ್ಲಿ ಬೈಕಿನಿಂದ ಬಿದ್ದವರು, ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದವರು ನಮ್ಮ ಉಡುಪಿ, ಮಂಗಳೂರಿನ ಊರೂರಲ್ಲಿದ್ದಾರೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರನ್ನು ನೋಡಿಕೊಳ್ಳುವ ಹೆಂಡತಿಗೋ ತಾಯಿಗೋ ಉಪಯೋಗಕ್ಕೆ ಬರುವ ಬರಹ ಬೇಕು.

ನಿಮ್ಮಲ್ಲಿ ‘ತಾಳ್ಮೆ’ ಎಂಬ ಮಾತು ಒಂಬತ್ತು ಸಲ ಬಂದಿದೆ. ಓದುವಾಕೆಗೆ ತಾಳ್ಮೆಯ ಕೊರತೆಯಿಲ್ಲ, ದಾರಿ ಗೊತ್ತಿಲ್ಲ. ಸಂಜೆ ಆರೂವರೆ, ಸೆಖೆ, ಟಿವಿ ಕೂಗುತ್ತಿದೆ, ಜಗಲಿಯಲ್ಲಿ ನೆಂಟರು, ಮಕ್ಕಳ ಗಲಾಟೆ. ಪೆಟ್ಟಾದವರು ಗಂಜಿಯ ಬಟ್ಟಲು ಎತ್ತಿ ಎಸೆದರು. ‘ಪ್ರೀತಿಯಿಂದ ತಿಳಿಹೇಳಿ’ ಎನ್ನುತ್ತೀರಿ. ಇದು ತಪ್ಪು ಸಲಹೆ. ತಲೆ ಥಟ್ಟನೆ ಬಡಿದಾಗ ಮೆದುಳಿನ ಮುಂಭಾಗ ಕಣ್ಣಿನ ಗೂಡಿನ ಮೇಲಿರುವ ಒರಟು ಮೂಳೆಗೆ ಉಜ್ಜುತ್ತದೆ. ಬಂದ ಆವೇಗವನ್ನು ತಡೆಯುವ ಕೆಲಸ ಆ ಭಾಗದ್ದೇ. ಅಲ್ಲಿ ಪೆಟ್ಟಾದವರಿಗೆ ಸಿಟ್ಟೇರಿದಾಗ ಹೇಳುವ ಬುದ್ಧಿಮಾತು ಇನ್ನೊಂದು ಗದ್ದಲವಷ್ಟೇ.

ಹೀಗೆ ಬರೆಯಿರಿ: ಟಿವಿ ಆರಿಸಿ, ಉಳಿದವರನ್ನು ಹೊರಗೆ ಕಳಿಸಿ. ಒಬ್ಬರೇ ಮಾತಾಡಿ, ಒಂದು ಸಲಕ್ಕೆ ಮೂರು ನಾಲ್ಕು ಪದ, ಸಣ್ಣ ದನಿ. ಎರಡು ಮಾರು ದೂರ, ಸ್ವಲ್ಪ ಓರೆಯಾಗಿ ನಿಲ್ಲಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಕೈ ಹಿಡಿದು ಎಳೆಯಬೇಡಿ. ಹೊಡೆತ ಬೀಳುವಂತಿದ್ದರೆ ಹೊರಗೆ ಹೋಗಿ 112ಕ್ಕೆ ಕರೆ ಮಾಡಿ. ತಣ್ಣಗಾದ ಮೇಲೆ ‘ಯಾಕೆ ಹಾಗೆ ಮಾಡಿದಿರಿ’ ಎಂದು ಕೆದಕಬೇಡಿ, ಎಷ್ಟೋ ಸಲ ಅವರಿಗೆ ಅದು ನೆನಪಿರುವುದೇ ಇಲ್ಲ.

ರೋಗಿಯ ಸಿಟ್ಟು, ಚಡಪಡಿಕೆ ಅಳೆಯಲು ವಾರ್ಡಿನ ಸಿಬ್ಬಂದಿ ಬಳಸುವ 14 ಅಂಶಗಳ, 14ರಿಂದ 56ರವರೆಗೆ ಅಂಕ ಬರುವ ಮಾಪನಕ್ಕೆ ಒಂದೂವರೆ ಪುಟ ಕೊಟ್ಟಿದ್ದೀರಿ. ತೆಗೆದುಬಿಡಿ. ಮನೆಯವರಿಗೆ ಒಂದು ನೋಟ್‌ಪುಸ್ತಕ ಸಾಕು: ಎಷ್ಟು ಗಂಟೆಗೆ, ಯಾರಿದ್ದರು, ಅದಕ್ಕೆ ಸ್ವಲ್ಪ ಮೊದಲು ಏನಾಯಿತು, ಏನು ಮಾಡಿದರು, ಎಷ್ಟು ಹೊತ್ತು, ಆಮೇಲೆ ಏನಾಯಿತು. ಒಂದೆರಡು ವಾರ ಬರೆದರೆ ಸ್ನಾನದ ಹೊತ್ತೋ, ಹಸಿವೋ, ಫಿಸಿಯೋಥೆರಪಿಯ ನಂತರದ ಸುಸ್ತೋ, ನೆಂಟರೋ ಎಂಬುದು ಹೆಚ್ಚಾಗಿ ಕಾಣತೊಡಗುತ್ತದೆ. ನಿಜವಾದ ಕೆಲಸ ಇಲ್ಲಿದೆ, ನಿಮ್ಮ ಲೇಖನದಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ.

ಔಷಧದ ಭಾಗ ನಮ್ಮನ್ನು ಹೆದರಿಸಿತು. ‘ಸಿಟ್ಟು ಹೆಚ್ಚಿದರೆ ನಿದ್ದೆಮಾತ್ರೆ ಕೊಡಿ’ ಎಂದು ಎಂದಿಗೂ ಬರೆಯಬೇಡಿ. ಆ ಗುಂಪಿನ ಕೆಲವು ಮಾತ್ರೆಗಳು ಗೊಂದಲ ಹೆಚ್ಚಿಸಿ, ಇರುವ ಹಿಡಿತವನ್ನೂ ಸಡಿಲಿಸುತ್ತವೆ. ಪೆಟ್ಟಾದ ಬಳಿಕ ಅಪಸ್ಮಾರ (ಫಿಟ್ಸ್) ತಡೆಯಲು ಕೊಡುವ ಲೆವೆಟಿರಾಸಿಟಮ್‌ನಿಂದಲೇ ಕೆಲವರಿಗೆ ಕಿರಿಕಿರಿ, ಸಿಟ್ಟು ಬರುತ್ತದೆ. ಹಾಗನ್ನಿಸಿದರೆ ವೈದ್ಯರಿಗೆ ತಿಳಿಸಿ, ತಾವಾಗಿ ನಿಲ್ಲಿಸಬೇಡಿ ಎಂದು ಸೇರಿಸಿ. ಸಿಟ್ಟು ತಗ್ಗಿಸಲು ನೀವು ಹೆಸರಿಸಿದ ಪ್ರೊಪ್ರನೊಲಾಲ್ ಮಾತ್ರೆ ಹಲವರಿಗೆ ಉಪಯೋಗವಾಗಿದೆ ನಿಜ, ಆದರೆ ಅದು ನಾಡಿ, ರಕ್ತದೊತ್ತಡ ಇಳಿಸುತ್ತದೆ, ದಮ್ಮಿನವರಿಗೆ ಆಗದು. ಇಷ್ಟು ಹೇಳದೆ ಹೆಸರು ಮಾತ್ರ ಬರೆಯುವುದು ಅಪಾಯ. ನೋವು, ಮಲಬದ್ಧತೆ, ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಕೆ ಇವೂ ಸಿಟ್ಟಾಗಿಯೇ ತೋರಬಹುದು. ಶಾಂತವಾಗಿದ್ದವರು ಏಕಾಏಕಿ ಬದಲಾಗಿ, ಜೊತೆಗೆ ತಲೆನೋವು, ವಾಂತಿ, ಮಂಪರು, ಒಂದು ಬದಿ ಬಲಹೀನತೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಪೆಟ್ಟಾಗಿ ವಾರಗಳ ಮೇಲೂ ಮೆದುಳಿನ ಸುತ್ತ ರಕ್ತ ಶೇಖರವಾಗಬಹುದು.

ಅಮೆರಿಕದ ರೈಲುಹಾದಿ ಕೆಲಸಗಾರ ಫಿನಿಯಾಸ್ ಗೇಜ್‌ನ ಕಥೆ ಅರ್ಧ ಹೇಳಿದ್ದೀರಿ. 1848ರಲ್ಲಿ ಕಬ್ಬಿಣದ ಸರಳು ತಲೆ ಸೀಳಿ ಹೋದ ಮೇಲೆ ಅವನು ‘ಕೊನೆವರೆಗೂ ಮನುಷ್ಯನಾಗಲಿಲ್ಲ’ ಎಂದಿದ್ದೀರಿ. ಮುಂದೆ ಅವನು ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿದ. ಕಟ್ಟುನಿಟ್ಟಾದ ದಿನಚರಿಯೇ ಅವನನ್ನು ಹಿಡಿದು ನಿಲ್ಲಿಸಿರಬೇಕು ಎಂದು ಊಹಿಸಿದವರಿದ್ದಾರೆ. ನಮ್ಮ ಓದುಗರಿಗೆ ಬೇಕಾದ್ದು ಆ ಅರ್ಧ.

ದೈವದ ಮುಂದೆ ಕರೆದೊಯ್ಯುವವರನ್ನು ‘ಮೂಢರು’ ಎಂದಿದ್ದೀರಿ. ಆ ಸಾಲು ಓದಿದ ತಾಯಿ ಮುಂದಿನದನ್ನು ಓದುವುದಿಲ್ಲ. ಹರಕೆ ಮನೆಯವರು ಹೇಳಿಕೊಳ್ಳಲಿ, ಮಾತ್ರೆ ತಪ್ಪದಿರಲಿ, ರೋಗಿಯನ್ನು ಮಾತ್ರ ರಾತ್ರಿಯಿಡೀ ನಡೆಯುವ ದೈವದ ಕೋಲಕ್ಕೋ ಯಕ್ಷಗಾನದ ಆಟಕ್ಕೋ ಒಯ್ಯಬೇಡಿ ಎನ್ನಿ. ನಿದ್ದೆಗೇಡು, ಚೆಂಡೆಯ ಸದ್ದು, ಜನಸಂದಣಿ ಸಿಟ್ಟು ಹೆಚ್ಚಿಸುತ್ತವೆ, ನಿದ್ದೆಗೇಡು ಅಪಸ್ಮಾರಕ್ಕೂ ಕೆಟ್ಟದ್ದು.

ಹಿಂದುಮುಂದು ನೋಡದೆ ಮಾಡಿಬಿಡುವ ಗುಣದ ಬಗ್ಗೆ ನಿಮ್ಮದು ಎರಡೇ ಸಾಲು. ಬೈಕಿನ ಕೀ, ಕತ್ತಿ ಕಣ್ಣಿಗೆ ಬೀಳದಿರಲಿ. ಮೊಬೈಲಿನಿಂದ ಹಣ ಕಳಿಸುವ ಮಿತಿ ಇಳಿಸಲಿ, ಮದ್ಯ ಮನೆಗೆ ಬರದಿರಲಿ. ‘ನಿಲ್ಲು, ಉಸಿರು ಎಳೆದುಕೋ, ಆಮೇಲೆ ಹೇಳು’ ಎಂಬ ಚೀಟಿ ಊಟದ ಮೇಜಿನೆದುರು ಅಂಟಿಸಿ, ಶಾಂತವಾಗಿರುವಾಗ ದಿನವೂ ಅಭ್ಯಾಸ ಮಾಡಿಸಲಿ.

ಹೊಸ ಪ್ರತಿ 900 ಪದ ಮೀರದಿರಲಿ. ನೋಟ್‌ಪುಸ್ತಕದ ಒಂದು ಪುಟವನ್ನು ತುಂಬಿಸಿ, ಅದರಿಂದಲೇ ಲೇಖನ ಶುರುಮಾಡಿ. ನೋಡಿಕೊಳ್ಳುವವರೇ ಸೋತುಹೋದಾಗ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ಸಂಖ್ಯೆ 14416 ಕೊನೆಯಲ್ಲಿ ಇರಲಿ.

ಸಂಪಾದಕರು