ಸೊನ್ನೆ ಇಲ್ಲದ 407

ಪ್ರಶ್ನೆ: ಮಗಳನ್ನು ಅಬಾಕಸ್ ಕ್ಲಾಸಿಗೆ ಸೇರಿಸಿದ್ದೇನೆ. ಮಣಿಗಳ ಚೌಕಟ್ಟು ಬರುವ ಮೊದಲು ಚೀನಾದವರು ಬರೀ ಕಡ್ಡಿ ಇಟ್ಟು ಲೆಕ್ಕ ಮಾಡುತ್ತಿದ್ದರಂತೆ. ಸೊನ್ನೆಯೇ ಇಲ್ಲದೆ 407 ಹೇಗೆ ತೋರಿಸುತ್ತಿದ್ದರು?
– ಒಬ್ಬ ತಾಯಿ, ಹಾಸನ

ಉತ್ತರ: ನಿಮ್ಮ ಪತ್ರ ಓದಿ ಸುಮ್ನೆ ಕೂರಲಾಗಲಿಲ್ಲ. ಒಂದು ಬೆಂಕಿಪೊಟ್ಟಣ ತಂದು ಊಟದ ಮೇಜಿನ ಮೇಲೆ ಸುರಿದುಕೊಂಡೆ. ಮಗಳ ಜೊತೆ ನೀವೂ ಹಾಗೇ ಮಾಡಿ.

ಒಂದರಿಂದ ಐದರವರೆಗೆ ಅಷ್ಟಷ್ಟೇ ಕಡ್ಡಿ, ಉದ್ದಕ್ಕೆ. ಆರಕ್ಕೆ ಆರು ಕಡ್ಡಿ ಬೇಡ. ತಲೆಯ ಮೇಲೆ ಅಡ್ಡ ಇಟ್ಟ ಒಂದು ಕಡ್ಡಿಗೆ ಐದರ ಬೆಲೆ. ಕೆಳಗೆ ಎರಡು ಉದ್ದ ಕಡ್ಡಿ ಇಟ್ಟರೆ ಏಳು. ಇದು ಬಿಡಿ ಸ್ಥಾನಕ್ಕೆ. ಹತ್ತರ ಸ್ಥಾನದಲ್ಲಿ ಇದೇ ಅಂಕಿಯನ್ನು ಮಲಗಿಸಬೇಕು. ನೂರಕ್ಕೆ ಮತ್ತೆ ಉದ್ದ, ಸಾವಿರಕ್ಕೆ ಮತ್ತೆ ಅಡ್ಡ.

ಈಗ ನಿಮ್ಮ 407. ನಾಲ್ಕು ಉದ್ದ, ನಡುವೆ ಖಾಲಿ ಜಾಗ, ಆಮೇಲೆ ಏಳು, ಅದೂ ಉದ್ದ. ಉದ್ದದ ಪಕ್ಕ ಅಡ್ಡ ಬರಬೇಕಿತ್ತು, ಬಂದಿಲ್ಲ. ಅಂದ್ರೆ ನಡುವೆ ಒಂದು ಮನೆ ಖಾಲಿ! 47 ಆಗಿದ್ದರೆ ನಾಲ್ಕು ಮಲಗಿರುತ್ತಿತ್ತು. ಎಂಥಾ ಉಪಾಯ, ಅಲ್ವಾ?

ಆದರೆ 4007 ಇಟ್ಟು ನೋಡಿ. ಸಾವಿರದ ನಾಲ್ಕು ಅಡ್ಡ, ಬಿಡಿಯ ಏಳು ಉದ್ದ. ಥೇಟ್ 47ರ ಹಾಗೇ! ಇಲ್ಲಿ ಬಿಟ್ಟ ಜಾಗವನ್ನೇ ನಂಬಬೇಕು. ಮೇಜಿನ ಮೇಲೆ ಹೇಗೋ ನಡೆಯುತ್ತದೆ, ಕಾಗದದ ಮೇಲೆ ಕಷ್ಟ. 718ರ ಸುಮಾರಿಗೆ ಭಾರತ ಮೂಲದ ಗೌತಮ ಸಿದ್ಧ ಎಂಬ ಜ್ಯೋತಿಷಿ ಟ್ಯಾಂಗ್ ದೊರೆಗಳ ಆಸ್ಥಾನದಲ್ಲಿದ್ದುಕೊಂಡು ನಮ್ಮ ಅಂಕಿಗಳನ್ನೂ ಸೊನ್ನೆಗೆ ಇಡುವ ಚುಕ್ಕಿಯನ್ನೂ ಚೀನೀ ಭಾಷೆಯಲ್ಲಿ ವಿವರಿಸಿದ. ಅಲ್ಲಿನವರು ಕಡ್ಡಿ ಬಿಡಲಿಲ್ಲ. 1247ರಲ್ಲಿ ಛಿನ್ ಜಿಯುಶಾವ್ ಬರೆದ ಗಣಿತದ ಪುಸ್ತಕದಲ್ಲಿ ಮಾತ್ರ ಖಾಲಿ ಮನೆಗೆ ದುಂಡನೆಯ ಸೊನ್ನೆ ಕಾಣಿಸುತ್ತದೆ.

ಚೀನಾದ ಹಾನ್ ದೊರೆಗಳ ಕಾಲದ ಇತಿಹಾಸ ಗ್ರಂಥದಲ್ಲಿ ಒಂದು ಕಟ್ಟಿನಲ್ಲಿ 271 ಕಡ್ಡಿ ಎಂದಿದೆ. ಅದೇಕೆ 271? ನಡುವೆ ಒಂದು ಕಡ್ಡಿ, ಸುತ್ತ ಆರು, ಅದರ ಸುತ್ತ ಹನ್ನೆರಡು, ಹೀಗೆ ಒಂಬತ್ತು ಸುತ್ತು ಕಟ್ಟಿದರೆ ಸರಿಯಾಗಿ 271 ಆಗಿ ಆರು ಮೂಲೆಯ ಕಟ್ಟು ಬರುತ್ತದೆ. ಎಣಿಸುವುದೇ ಬೇಡ, ಒಂದು ಕಳೆದರೂ ಗೊತ್ತಾಗುತ್ತದೆ. ನನಗೆ ಇಡೀ ವಿಷಯದಲ್ಲಿ ಜಾಸ್ತಿ ಹಿಡಿಸಿದ್ದು ಇದು. ಕಡ್ಡಿಗೆ ಎರಡು ಬಣ್ಣವೂ ಇತ್ತು. ಕೂಡುವ ಸಂಖ್ಯೆಗೆ ಕೆಂಪು, ಕಳೆಯುವ ಸಂಖ್ಯೆಗೆ ಕಪ್ಪು. ನಮ್ಮ ಬ್ಯಾಂಕಿನವರಿಗೆ ಉಲ್ಟಾ!

ನಾನು ಇಷ್ಟು ಬರೆಯುವಷ್ಟರಲ್ಲಿ ಸಂಜೆಯಾಯಿತು. ನಮ್ಮನೆಯವಳು ದೇವರ ದೀಪ ಹಚ್ಚಲು ಮೇಜಿನಿಂದ ಒಂದು ಕಡ್ಡಿ ಎತ್ತಿಕೊಂಡು ಹೋದಳು. ನೋಡಿದರೆ 407 ಹೋಗಿ 307. 'ನೂರು ಎಗರಿಸಿದೆಯಲ್ಲೇ!' ಎಂದೆ. 'ಇನ್ನೂ ಮುನ್ನೂರು ಇದೆಯಲ್ಲ' ಎಂದಳು.