ಲಕ್ಕಿ ಸೊಪ್ಪಿನಿಂದ ನೋವು, ಆತಂಕ ಎರಡೂ ಇಳಿಯುತ್ತವೆಂದು ಇಲಿಗಳ ಮೇಲೆ ಸಾಬೀತಾಗಿದೆಯಂತೆ. ಅಮ್ಮನ ಮಾತ್ರೆ ನಿಲ್ಲಿಸಿ ಇದನ್ನೇ ಕೊಡಬಹುದೇ?

ಮಾತ್ರೆ ನಿಲ್ಲಿಸಬೇಡಿ. ಮೊಣಕಾಲಿಗೆ ಲಕ್ಕಿ ಸೊಪ್ಪು ಬಿಸಿ ಮಾಡಿ ಕಟ್ಟುವುದಕ್ಕೆ ನನ್ನದೇನೂ ತಕರಾರಿಲ್ಲ, ಧಾರವಾಡದ ಕಡೆ ನಮ್ಮ ಮನೆಯಲ್ಲೂ ಕಟ್ಟುತ್ತಾರೆ. ಆದರೆ ನೀವು ಓದಿದ ‘ಸಾಬೀತು’ ಆ ಸೊಪ್ಪಿನದಲ್ಲ. ನಾನು ಪುಣೆಯ ಫಾರ್ಮಸಿ ಕಾಲೇಜೊಂದರಲ್ಲಿ ಪಾಠ ಮಾಡುವವನು. ಇಂಥ ಪ್ರಯೋಗಗಳನ್ನು ನಮ್ಮ ಎಂ.ಫಾರ್ಮ್ ಹುಡುಗರು ಮಾಡುತ್ತಲೇ ಇರುತ್ತಾರೆ.

ಲಕ್ಕಿಗೆ ಇಲ್ಲಿ ಮರಾಠಿಯಲ್ಲಿ ನಿರ್ಗುಡಿ ಅನ್ನುತ್ತಾರೆ. ಹಳ್ಳದ ದಂಡೆಯಲ್ಲಿ ಬೇಕಾದಷ್ಟು ಬೆಳೆಯುತ್ತದೆ. ಹೂವಿರುವ ಟೊಂಗೆಯೊಂದನ್ನು ಹಳೇ ಪೇಪರಿನ ನಡುವೆ ಒತ್ತಿ ಒಣಗಿಸಿ, ಕೋರೆಗಾಂವ್ ಪಾರ್ಕಿನ ಸಸ್ಯ ಸರ್ವೇಕ್ಷಣಾ ಇಲಾಖೆಗೆ ಒಯ್ದು, ಇದು ವೈಟೆಕ್ಸ್ ನೆಗುಂಡೋ (ಲಕ್ಕಿಯ ವೈಜ್ಞಾನಿಕ ಹೆಸರು) ಹೌದು ಎಂದು ಬರೆಸಿಕೊಂಡು ಬರಬೇಕು. ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಆಲ್ಕೋಹಾಲಿನಲ್ಲಿ ತಾಸುಗಟ್ಟಲೆ ಕುದಿಸಿ ಇಳಿಸಿದರೆ ಕೊನೆಗೆ ಉಳಿಯುವುದು ಕರಿಹಸಿರು ಬಣ್ಣದ ಅಂಟು. ಇಲಿಯ ಹೊಟ್ಟೆಗೆ ಹೋಗುವುದು ಅದು.

ನೋವಿಗೆ ಹಾಟ್ ಪ್ಲೇಟ್ ಪರೀಕ್ಷೆ. 55 ಡಿಗ್ರಿಗೆ ಕಾಯ್ದ ತಟ್ಟೆಯ ಮೇಲೆ ಇಲಿ ಬಿಟ್ಟು ಸ್ಟಾಪ್‌ವಾಚ್ ಒತ್ತುತ್ತೇವೆ. ಹಿಂಗಾಲು ನೆಕ್ಕಿತೋ, ಜಿಗಿಯಿತೋ, ಅಲ್ಲಿಗೆ ಲೆಕ್ಕ ಮುಗೀತು; ತಡವಾದಷ್ಟೂ ನೋವು ಕಡಿಮೆ ಎಂದು ಅರ್ಥ. ಏನೂ ಮಾಡದಿದ್ದರೂ ಸಾಮಾನ್ಯವಾಗಿ 15 ಸೆಕೆಂಡಿಗೆ ಎತ್ತಿಬಿಡಬೇಕು, ಇಲ್ಲವಾದರೆ ಪಾದ ಸುಡುತ್ತದೆ. ಆತಂಕಕ್ಕೆ ನೆಲದಿಂದ ಸುಮಾರು 50 ಸೆಂಟಿಮೀಟರ್ ಎತ್ತರದಲ್ಲಿ ಅಧಿಕ ಚಿಹ್ನೆಯ ಆಕಾರದ ಹಾದಿ: ಎರಡು ತೋಳಿಗೆ ಗೋಡೆ, ಎರಡು ಬಯಲು. ಇಲಿಗೆ ಬಯಲೆಂದರೆ ಭಯ. ಮೂಲೆಯಿಂದ ಮೂತಿಯಷ್ಟೇ ಚಾಚಿ, ಮೀಸೆ ಅಲ್ಲಾಡಿಸಿ, ಸರ್ರನೆ ಗೋಡೆಯ ಮರೆಗೆ ಓಡುತ್ತದೆ. ಐದು ನಿಮಿಷದಲ್ಲಿ ಬಯಲು ತೋಳಿನಲ್ಲಿ ಎಷ್ಟು ಹೊತ್ತು ಕಳೆಯಿತು ಎಂಬುದನ್ನು ಆತಂಕದ ಮಾತ್ರೆಯಾದ ಡಯಾಜೆಪಾಮ್ ಕೊಟ್ಟ ಇಲಿಗಳೊಂದಿಗೆ ಹೋಲಿಸುತ್ತೇವೆ.

ಇನ್ನು ಅಸಲು ಗೋಜಲು. ಮಂಪರು ಹತ್ತಿದ ಇಲಿಯೂ ಕಾಲು ನೆಕ್ಕುವುದು ತಡವೇ. ಹೊಟ್ಟೆಗೆ ಅಸೆಟಿಕ್ ಆಮ್ಲ ಚುಚ್ಚಿ ಎಷ್ಟು ಸಲ ಮೈ ತಿರುಚಿತು ಎಂದು ಎಣಿಸುವ ಪರೀಕ್ಷೆಯಲ್ಲಂತೂ ಸ್ನಾಯು ಸಡಿಲವಾದರೂ ಸಂಖ್ಯೆ ಇಳಿಯುತ್ತದೆ, ನೋವು ಇಳಿಯಲೇಬೇಕೆಂದಿಲ್ಲ. ಅದಕ್ಕೇ ತಿರುಗುವ ದಂಡದ ಮೇಲೆ ಇಲಿ ನಿಲ್ಲಿಸಿ ನೋಡುವುದು. ಧೊಪ್ಪನೆ ಬಿದ್ದರೆ ಆ ‘ನೋವು ಶಮನ’ವನ್ನು ಅನುಮಾನಿಸಬೇಕು. ಲಕ್ಕಿಯ ವಿಷಯದಲ್ಲಿ ಇದು ಬರೀ ತರ್ಕವಲ್ಲ: ಎಲೆಯ ಸಾರ ಕೊಟ್ಟ ಇಲಿಗಳಲ್ಲಿ ಪೆಂಟೋಬಾರ್ಬಿಟೋನ್ ಎಂಬ ನಿದ್ದೆಯ ಮದ್ದಿನಿಂದ ಬರುವ ನಿದ್ದೆ ಉದ್ದವಾದದ್ದು ಪ್ರಕಟವಾಗಿದೆ. ಆತಂಕ ತಗ್ಗಿದ್ದೂ ಪ್ರಕಟವಾಗಿದೆ, ಸುಳ್ಳಲ್ಲ. ಆದರೆ ಪ್ರಬಂಧದಲ್ಲಿ ದಂಡದ ಪರೀಕ್ಷೆ ಇಲ್ಲದಿದ್ದರೆ ನಾನಂತೂ ಮುಂದಿನ ಪುಟ ತಿರುವುವುದಿಲ್ಲ.

ಪ್ರಮಾಣವನ್ನೂ ನೋಡಿ. ಸಣ್ಣ ಇಲಿಗೆ (ಮೌಸ್) ಕಿಲೋ ತೂಕಕ್ಕೆ 200 ಮಿಲಿಗ್ರಾಂ ಅಂದರೆ, ಅದನ್ನು ಮನುಷ್ಯರ ಪ್ರಮಾಣಕ್ಕೆ ಇಳಿಸಲು 12.3ರಿಂದ ಭಾಗಿಸುವ ರೂಢಿಯ ಲೆಕ್ಕದಲ್ಲಿ, 60 ಕಿಲೋ ಮನುಷ್ಯರಿಗೆ ದಿನಕ್ಕೆ ಸುಮಾರು 1 ಗ್ರಾಂ ಸಾರ. ಹತ್ತು ಪಾಲು ಎಲೆಗೆ ಒಂದು ಪಾಲು ಸಾರ ಸಿಕ್ಕಿತು ಅಂದುಕೊಂಡರೂ 10 ಗ್ರಾಂ ಒಣ ಎಲೆ ಆಯಿತು. ಮಂಡಿಗೆ ಕಟ್ಟಿದ ಸೊಪ್ಪಿನಿಂದ ಅಷ್ಟು ಒಳಗೆ ಇಳಿಯುತ್ತದೆ ಅನ್ನುವುದಕ್ಕೆ ಈ ಪ್ರಯೋಗ ಆಧಾರವಾಗದು.

ಅಮ್ಮನ ಚರ್ಮ ಕೆಂಪಗಾಗದಿದ್ದರೆ ಸೊಪ್ಪು ಕಟ್ಟಿ, ಉಗುರುಬೆಚ್ಚಗಿದ್ದರೆ ಸಾಕು. ಕಷಾಯ ಬೇಡ. ಅವರು ನಿದ್ದೆಯದೋ ಆತಂಕದ್ದೋ ಮಾತ್ರೆ ತಗೊಳ್ಳುತ್ತಿದ್ದರಂತೂ ಡಾಕ್ಟರಿಗೆ ಹೇಳದೆ ಲಕ್ಕಿಯನ್ನು ಹೊಟ್ಟೆಗೆ ಕೊಡಲೇಬೇಡಿ, ಮಂಪರಿನ ಮೇಲೆ ಮಂಪರಾಗಿ ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದಾರು.