ಅಪ್ಪನ ಫೋನಿಗೆ ಬಂದ ಮೆಸೇಜು

ಪ್ರಶ್ನೆ: ನನಗೆ 34 ವರ್ಷ. ತುಮಕೂರಿನಲ್ಲಿ ಅಮ್ಮನ ಜೊತೆ ಇದ್ದೇನೆ. ಅಪ್ಪ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿ ನಿವೃತ್ತರಾದವರು. ಆಗಸ್ಟ್ ಕೊನೆಯಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಮರಣ ಪ್ರಮಾಣಪತ್ರ ಬಂದು ಎರಡು ತಿಂಗಳಾಯಿತು, ಬೀರುವಿನಲ್ಲೇ ಇದೆ. ಬ್ಯಾಂಕಿಗೆ ತಿಳಿಸಿಲ್ಲ. ಪೆನ್ಷನ್ ಜಮಾ ಆಗುತ್ತಲೇ ಇದೆ, ಒಂದು ರೂಪಾಯಿ ಮುಟ್ಟಿಲ್ಲ. ಹೋದ ವಾರ ಅಪ್ಪನ ಫೋನಿಗೆ ‘ನಿಮ್ಮ ಜೀವಂತ ಪ್ರಮಾಣಪತ್ರ ಸಲ್ಲಿಸಿ’ ಎಂದು ಮೆಸೇಜು ಬಂತು. ಓದಿ ಅಡುಗೆಮನೆಯಲ್ಲೇ ಕುಸಿದು ಕೂತೆ. ಬೆಂಗಳೂರಿನಲ್ಲಿರುವ ಅಣ್ಣ ‘ಬೇಗ ಹೆಸರು ತೆಗೆಸು, ಹೊಲದ ಖಾತೆಯನ್ನೂ ಮಾಡಿಸಿಬಿಡೋಣ’ ಎನ್ನುತ್ತಾನೆ. ಹೆಸರು ತೆಗೆಸಿದರೆ ಅಪ್ಪನನ್ನು ನಾನೇ ಇನ್ನೊಮ್ಮೆ ಕಳಿಸಿಕೊಟ್ಟ ಹಾಗೆ ಅನ್ನಿಸುತ್ತದೆ. ಅಮ್ಮ ಏನೂ ಹೇಳುವುದಿಲ್ಲ. ಪೆನ್ಷನ್ ಬರುವ ದಿನ ಅಪ್ಪ ತಪ್ಪದೆ ಬೆಣ್ಣೆ ಬಿಸ್ಕತ್ತು ತರುತ್ತಿದ್ದರು. ಆ ದಿನ ಬಂದರೆ ಅಮ್ಮ ಈಗಲೂ ಬಾಗಿಲ ಕಡೆ ನೋಡುತ್ತಾರೆ. ನಾನು ಮಾಡುತ್ತಿರುವುದು ತಪ್ಪಾ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ‘ಹೆಸರು ತೆಗೆಸು’ ಎಂಬ ಮಾತೇ ಕ್ರೂರವಾದದ್ದು. ಕಚೇರಿಗಳಲ್ಲಿ, ರೇಷನ್ ಅಂಗಡಿಗಳಲ್ಲಿ ಇದನ್ನು ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಕೇಳಿಸಿಕೊಳ್ಳುವವರಿಗೆ ಅದು ಜನ್ಮದಲ್ಲಿ ಒಂದೋ ಎರಡೋ ಸಲ ಬರುವ ಮಾತು.

ನನ್ನ ಅಮ್ಮ ಹೋದ ಮೇಲೆ ರೇಷನ್ ಕಾರ್ಡಿನಿಂದ ಹೆಸರು ತೆಗೆಸಲು ಹೋಗಿದ್ದೆ. ಕೌಂಟರಿನ ಹುಡುಗ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿ, ‘ಇವರನ್ನೇ ತಾನೆ ಡಿಲೀಟ್ ಮಾಡಬೇಕಾದ್ದು?’ ಅಂದ. ಅಮ್ಮನ ಫೋಟೋದ ಮೇಲೆ ಬಾಣದ ಗುರುತು ನಿಂತಿತ್ತು. ಫೋಟೋ ತೆಗೆಸಿದ ದಿನ ಸೆರಗು ಸರಿಮಾಡಿಕೊಳ್ಳಲು ಬಿಡಲಿಲ್ಲ ಅಂತ ಅಮ್ಮ ದಾರಿಯುದ್ದಕ್ಕೂ ಬೈದುಕೊಂಡು ಬಂದಿದ್ದಳು. ‘ಒಂದ್ನಿಮಿಷ ಇರಪ್ಪ’ ಅಂದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅವತ್ತು ಕೆಲಸ ಮಾಡಿಸಲಿಲ್ಲ. ಮುಂದಿನ ವಾರ ತಮ್ಮನನ್ನು ಕರೆದುಕೊಂಡು ಹೋದೆ. ಆದ್ದರಿಂದ ಬೀರುವಿನಲ್ಲಿರುವ ಆ ಹಾಳೆ ನಿಮಗೆ ಎಷ್ಟು ಭಾರ ಎಂದು ನನಗೆ ಗೊತ್ತು.

ತಪ್ಪಾ ಎಂದು ಕೇಳಿದ್ದೀರಿ. ದುಃಖಪಟ್ಟದ್ದು ತಪ್ಪಲ್ಲ. ಆದರೆ ಇನ್ನು ತಡ ಮಾಡಿದರೆ ಅದರ ಹೊರೆ ಬೀಳುವುದು ಅಮ್ಮನ ಮೇಲೆ. ಈಗ ಜಮಾ ಆಗುತ್ತಿರುವುದು ನಿಮ್ಮ ಮನೆಯ ದುಡ್ಡಲ್ಲ, ತೀರಿಕೊಂಡ ದಿನದಿಂದ ಮುಂದಿನ ಅವಧಿಗೆಂದು ಬಂದದ್ದೆಲ್ಲ ಸರ್ಕಾರಕ್ಕೆ ವಾಪಸ್ ಹೋಗಬೇಕು. ನೀವು ಮುಟ್ಟದೆ ಇಟ್ಟಿರುವುದು ಒಳ್ಳೆಯದಾಯಿತು. ಎಟಿಎಂ ಕಾರ್ಡನ್ನೂ ಹಾಗೇ ಎತ್ತಿಡಿ. ‘ಜೀವಂತ ಪ್ರಮಾಣಪತ್ರ ಕೊಡದಿದ್ದರೆ ಪೆನ್ಷನ್ ತಾನಾಗಿಯೇ ನಿಲ್ಲುತ್ತೆ, ಸುಮ್ಮನಿರು’ ಎಂದು ಹೇಳುವವರು ಸಿಗುತ್ತಾರೆ. ನಿಲ್ಲುತ್ತದೆ ನಿಜ, ಆದರೆ ಅಮ್ಮನ ಕುಟುಂಬ ಪಿಂಚಣಿ ಮಾತ್ರ ತಾನಾಗಿ ಶುರುವಾಗುವುದಿಲ್ಲ. ಮೇಷ್ಟ್ರು ಅಷ್ಟು ವರ್ಷ ಬೋರ್ಡಿನ ಮುಂದೆ ನಿಂತು ಸಂಪಾದಿಸಿದ್ದರಲ್ಲಿ ಹೆಂಡತಿಗೆಂದು ಉಳಿಸಿಹೋದ ಪಾಲು ಅದು. ಅಪ್ಪನ ಪೆನ್ಷನ್ ಪುಸ್ತಕವನ್ನು, ಅಂದರೆ ಪಿಪಿಒವನ್ನು, ಒಮ್ಮೆ ತೆಗೆದು ನೋಡಿ. ಅಮ್ಮನ ಹೆಸರು ಅದರಲ್ಲೇ ಇರುತ್ತದೆ, ಅಪ್ಪ ಬರೆಸಿದ್ದು.

ಅರ್ಧ ದಾರಿ ಈಗಾಗಲೇ ಮುಗಿದಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಡಿ ಸಾವನ್ನು 21 ದಿನದೊಳಗೆ ತಿಳಿಸಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮನೆಯಲ್ಲಿ ತೀರಿಕೊಂಡವರ ಮಕ್ಕಳು ಎಷ್ಟೋ ಜನ ಈ ಒಂದು ಪತ್ರಕ್ಕಾಗಿ ಅಲೆದು ಸುಸ್ತಾಗುತ್ತಾರೆ. ನಿಮ್ಮ ಕೈಯಲ್ಲಿ ಅದು ಇದೆ. ಅದರ ಐದಾರು ಪ್ರತಿ, ಪೆನ್ಷನ್ ಪುಸ್ತಕ, ಅಮ್ಮನ ಆಧಾರ್, ಪಾಸ್‌ಬುಕ್, ಫೋಟೋ, ಇಷ್ಟನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಪೆನ್ಷನ್ ಬರುವ ಬ್ಯಾಂಕಿಗೆ ಹೋಗಿ. ಖಜಾನೆಗೂ ಹೋಗಬೇಕಾದರೆ ಅವರೇ ಹೇಳುತ್ತಾರೆ. ಒಬ್ಬರೇ ಮಾತ್ರ ಹೋಗಬೇಡಿ. ಅಣ್ಣನಿಗೆ ಫೋನ್ ಮಾಡಿ, ‘ಹೇಳಿದ್ದು ಸಾಕು, ಒಂದು ದಿನ ರಜೆ ಹಾಕಿ ಬಾ’ ಎಂದು ನೇರವಾಗಿ ಕರೆಯಿರಿ. ಅವನ ಆತುರವೂ ನನ್ನ ಕಣ್ಣಿಗೆ ದುಃಖದ ಹಾಗೇ ಕಾಣುತ್ತದೆ. ಕೆಲವರು ಕಾಗದ ಮುಟ್ಟಲಾರರು, ಕೆಲವರು ಕಾಗದವನ್ನೇ ಹಿಡಿದುಕೊಂಡು ಅಳು ತಡೆಯುತ್ತಾರೆ.

ಹೊಲದ ವಿಚಾರ ಬೇರೆ, ಇದರ ಜೊತೆ ಸೇರಿಸಬೇಡಿ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು, ಆಗಲೇಬೇಕಾದ ಕೆಲಸ, ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ ಅರ್ಜಿ ಕೊಟ್ಟರಾಯಿತು. ಅಮ್ಮ, ಅಣ್ಣ, ನೀವು ಮೂವರ ಹೆಸರಿಗೂ ಜಂಟಿಯಾಗಿ ಆಗಲಿ. ನಿಮ್ಮ ಪಾಲನ್ನು ಬಿಟ್ಟುಕೊಡುವ ‘ಹಕ್ಕು ಬಿಡುಗಡೆ’ ಎಂಬ ಹೆಸರಿನ ಯಾವ ಪತ್ರಕ್ಕೂ ವರ್ಷಾಬ್ದಿಕ ಮುಗಿಯುವ ತನಕ ಸಹಿ ಹಾಕಬೇಡಿ. ಅಣ್ಣನ ಮೇಲೆ ಅನುಮಾನದಿಂದ ಹೇಳುತ್ತಿಲ್ಲ. ಅತ್ತು ದಣಿದ ಕಣ್ಣಿನಲ್ಲಿ ಯಾವ ಪತ್ರವನ್ನೂ ಸರಿಯಾಗಿ ಓದಲಾಗುವುದಿಲ್ಲ.

ಇನ್ನು ಆ ಹೆಸರು. ನಮ್ಮ ಕಚೇರಿಗಳ ಕಾಗದ ಒಮ್ಮೆ ಗಮನಿಸಿ. ಅರ್ಜಿಯಲ್ಲಿ ಅಮ್ಮನ ಹೆಸರು ಬರೆದು, ಪಕ್ಕದಲ್ಲಿ ‘ಕೋಂ ಲೇಟ್’, ಅಂದರೆ ತೀರಿಕೊಂಡ ಇಂಥವರ ಹೆಂಡತಿ, ಎಂದು ಹಾಕಿ, ಅಪ್ಪನ ಹೆಸರು ಬರೆಯಿಸುತ್ತಾರೆ. ಪಹಣಿಯಲ್ಲಿ ಅಪ್ಪನ ಸಾಲು ಹೋದರೂ, ಯಾರಿಂದ ಯಾರಿಗೆ ಬಂತು ಎಂಬುದು ಖಾತೆ ಬದಲಾವಣೆಯ ಮ್ಯುಟೇಶನ್ ದಾಖಲೆಯಲ್ಲಿ ಉಳಿಯುತ್ತದೆ. ಇಷ್ಟು ದಿನ ಸ್ವಂತ ಸಾಲಿನಲ್ಲಿದ್ದ ಅಪ್ಪನ ಹೆಸರು ಇನ್ನು ಮೇಲೆ ನಿಮ್ಮಿಬ್ಬರ ಹೆಸರಿನ ಪಕ್ಕದಲ್ಲಿ ಇರುತ್ತದೆ. ಮೊದಲ ಸಲ ಆ ‘ಲೇಟ್’ ಬರೆಯುವಾಗ ಕೈ ನಿಲ್ಲುತ್ತದೆ. ನಿಲ್ಲಲಿ, ಕ್ಯೂನಲ್ಲಿ ಹಿಂದೆ ನಿಂತವರು ಕಾಯುತ್ತಾರೆ.

ಅಪ್ಪನ ಫೋನಿನಲ್ಲಿ ಅವರ ವಾಟ್ಸಾಪ್ ಧ್ವನಿ ಸಂದೇಶಗಳಿದ್ದರೆ ಇವತ್ತೇ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ರೀಚಾರ್ಜ್ ಇಲ್ಲದೆ ಬಿಟ್ಟ ನಂಬರನ್ನು ಕಂಪನಿಯವರು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಬ್ಯಾಂಕಿನ ಆ ಮೆಸೇಜನ್ನು ಅಳಿಸಬೇಕೋ ಬೇಡವೋ ನಿಮ್ಮಿಷ್ಟ.

ಅಮ್ಮನ ಮೌನವನ್ನು ಒಪ್ಪಿಗೆ ಎಂದೋ ವಿರೋಧ ಎಂದೋ ನೀವೇ ಊಹಿಸಬೇಡಿ. ಇವತ್ತು ರಾತ್ರಿ ಊಟ ಆದ ಮೇಲೆ ಪಕ್ಕದಲ್ಲಿ ಕೂತು, ‘ಬ್ಯಾಂಕಿಗೆ ಹೋಗೋಣ್ವೇನಮ್ಮ?’ ಎಂದು ಕೇಳಿ. ಸಹಿ ಹಾಕಬೇಕಾದವರು ಅವರು. ಹೋಗುವ ದಿನ ಬೆಳಗ್ಗೆ ಇಬ್ಬರೂ ತಿಂಡಿ ತಿಂದೇ ಹೊರಡಿ, ಕಾಯುವುದು ಬಹಳ ಇರುತ್ತದೆ. ಬರುವಾಗ ಅಪ್ಪ ಹೋಗುತ್ತಿದ್ದ ಬೇಕರಿಯಲ್ಲೇ ಬೆಣ್ಣೆ ಬಿಸ್ಕತ್ತು ಕಟ್ಟಿಸಿಕೊಂಡು ಬನ್ನಿ.